ಬಿಟ್ಟವರ ಪಟ್ಟಿ

ಮೇ ೨೬

ಪ್ರೀತಿಯ ಗೋಡೆಗೆ,

ಅಭಿಮಾನಿಗಳು ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಅಕ್ಕ ಇದ್ದಿದ್ದರೆ ‘ಹೆಂಡ್ತಿ ತಮ್ಮನನ್ನ ಹೀಗಾ ಕರೆಯೋದು?’ ಎಂದು ಪೆನ್ನು ಕಿತ್ತುಕೊಳ್ಳುತ್ತಿದ್ದಳು. ನಿನ್ನೆ ಫೋನಿನಲ್ಲಿ ಆಡಿದ ಮಾತು ನೆನಪಿದೆಯಲ್ಲ? ನೀನು ‘ಹೇಗಿದ್ದೀರಿ’ ಎಂದೆ, ನಾನು ‘ಇದ್ದೀನಿ’ ಎಂದೆ, ಆಮೇಲೆ ಇಬ್ಬರೂ ಇನ್ನೊಬ್ಬರು ಫೋನ್ ಇಡಲಿ ಎಂದು ಕಾದೆವು. ಅವಳಿದ್ದಾಗ ಮಾತೆಲ್ಲ ಅವಳದೇ ಆಗಿತ್ತು. ನಾವಿಬ್ಬರೂ ಫೋನನ್ನು ಆ ಕೈಯಿಂದ ಈ ಕೈಗೆ ದಾಟಿಸುವವರು, ಅಷ್ಟೇ. ಅದಕ್ಕೇ ಈ ಕಾಗದ. ಬರೆಯುವಾಗ ಎದುರಿಗಿರುವವರ ಮೌನ ಕೇಳಿಸುವುದಿಲ್ಲ.

ಈ ಋತುವಿನ ನಮ್ಮ ಕೊನೆಯ ಪಂದ್ಯವನ್ನು ನೀನೂ ಟಿ.ವಿ.ಯಲ್ಲಿ ನೋಡಿರುತ್ತೀ. ಡ್ರಾ ಮಾಡಿಕೊಂಡು ಬಚಾವಾದೆವು. ಕೆಳಗಿನ ಲೀಗಿಗೆ ಬೀಳಲಿಲ್ಲ ಎಂದು ಜನ ಮೈದಾನಕ್ಕೆ ನುಗ್ಗಿ ಕುಣಿದರು. ಇಷ್ಟಕ್ಕೆ ಕುಣಿಯುವ ಹಾಗೆ ನಮ್ಮ ಜನರನ್ನು ಮಾಡಿಬಿಟ್ಟೆವಲ್ಲ ಎಂದು ನನಗೆ ನಾಚಿಕೆಯಾಯಿತು. ಮಾರನೆಯ ಬೆಳಗ್ಗೆಯೇ ಕ್ಲಬ್ಬಿನ ಅಧ್ಯಕ್ಷರು ಕರೆಸಿದರು.

‘ಮೇಲಿಂದ ಸುಣ್ಣ ಬಳಿದಿದ್ದು ಸಾಕು ಕೋಚ್. ಅಡಿಪಾಯದಿಂದ ಕಟ್ಟಿ. ಯಾರನ್ನ ಇಟ್ಕೋತೀರಿ, ಯಾರನ್ನ ಬಿಡ್ತೀರಿ, ಎಲ್ಲ ನಿಮಗೇ ಬಿಟ್ಟಿದ್ದು.’

ಈಗ ನನ್ನ ಕೋಣೆಯ ಬಿಳಿ ಹಲಗೆಯ ಮೇಲೆ ಎಲ್ಲರೂ ಆಯಸ್ಕಾಂತದ ಬಿಲ್ಲೆಗಳಾಗಿ ಕೂತಿದ್ದಾರೆ. ಬಲಗಡೆ ಉಳಿಯುವವರು, ಎಡಗಡೆ ಹೋಗುವವರು. ಒಂದು ಬಿಲ್ಲೆಯನ್ನು ಆಚೆ ಸರಿಸಲು ಬೆರಳಿಗೆ ಏನೂ ಭಾರವಿಲ್ಲ. ಆಮೇಲೆ ಆ ಮನುಷ್ಯನ ಮನೆಗೆ ಹೋಗಿ ಹೇಳಬೇಕಲ್ಲ, ಅಲ್ಲಿದೆ ಭಾರ.

ಮೊದಲು ಹೋದದ್ದು ನೀವೆಲ್ಲ ‘ಅಜ್ಜ’ ಎಂದು ಕರೆಯುವ ನಮ್ಮ ಗೋಲ್‌ಕೀಪರನ ಮನೆಗೆ. ಮೆಟ್ಟಿಲ ಮೇಲೆ ಕೂತು ಮಗಳ ಸೈಕಲ್ಲಿಗೆ ಬಣ್ಣ ಹಚ್ಚುತ್ತಿದ್ದ. ನನ್ನನ್ನು ನೋಡಿದವನೇ ಬ್ರಷ್ಷು ಕೆಳಗಿಟ್ಟ.

‘ನೀವು ಮನೆಗೆ ಬಂದ್ರಿ ಅಂದ್ರೆ ಗೊತ್ತಾಯ್ತು ಬಿಡಿ. ಒಳಗೆ ಬನ್ನಿ, ಟೀ ಕುಡೀರಿ.’

‘ನಾನೇ ಬಂದು ಹೇಳಬೇಕು ಅನ್ನಿಸ್ತು.’

‘ಒಳ್ಳೇದು ಮಾಡಿದ್ರಿ. ಪೇಪರಲ್ಲಿ ಓದಿದ್ದಿದ್ರೆ ನಿಮ್ಮ ಮುಖ ನೋಡ್ತಿರಲಿಲ್ಲ.’

ಟೀ ಕುಡಿದೆ. ಏನು ರುಚಿಯಿತ್ತೋ ಗೊತ್ತಾಗಲಿಲ್ಲ.

ಉಳಿದವರ ಬಗ್ಗೆ ನಿನಗೆ ಏನನ್ನಿಸುತ್ತದೆ ಬರಿ. ಡ್ರೆಸ್ಸಿಂಗ್ ರೂಮಿನಲ್ಲಿ ಯಾರು ಎಂಥವರು ಎಂಬುದು ನಾಯಕನಾದ ನಿನಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಮಂಡಿ ಹೇಗಿದೆ?

ನಿನ್ನ ಭಾವ


ಜೂನ್ ೩

ಭಾವನವರಿಗೆ ನಮಸ್ಕಾರ.

ಕಾಗದ ಬಂತು. ನೀವು ಇಷ್ಟುದ್ದ ಮಾತಾಡಿದ್ದನ್ನು ನಾನು ಇದುವರೆಗೆ ಕೇಳಿಲ್ಲ. ಹಾಫ್‌ಟೈಮಿನಲ್ಲೂ ಇಲ್ಲ.

ಇಲ್ಲಿ ನನ್ನ ಕಿಟಕಿಯಿಂದ ಕಾಣುವುದು ಬಂದರಿನ ಕ್ರೇನುಗಳು. ಬೆಳಗಾದರೆ ದೊಡ್ಡ ದೊಡ್ಡ ಡಬ್ಬಗಳನ್ನು ಎತ್ತಿ ಇಳಿಸುತ್ತಿರುತ್ತವೆ. ಚಿಕಿತ್ಸೆ ಎಂದರೆ ಎದೆಮಟ್ಟದ ನೀರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುವುದು. ನನ್ನ ಜೊತೆ ನಡೆಯುವವರೆಲ್ಲ ಸೊಂಟ ಮುರಿದುಕೊಂಡ ಅಜ್ಜಿಯರು. ಮೊನ್ನೆ ಅವರಲ್ಲೊಬ್ಬರು ‘ಸ್ವಲ್ಪ ದಾರಿ ಬಿಡಪ್ಪ’ ಎಂದು ನನ್ನನ್ನು ಹಿಂದೆ ಹಾಕಿ ಹೋದರು. ಈ ಸುದ್ದಿ ಪತ್ರಿಕೆಯವರಿಗೆ ಗೊತ್ತಾಗದಂತೆ ನೋಡಿಕೊಳ್ಳಿ. ಮಂಡಿಯ ಬಗ್ಗೆ ಕೇಳಿದರೆ ಡಾಕ್ಟರು ‘ನೋಡೋಣ’ ಎನ್ನುತ್ತಾರೆ.

ನೀವು ಕೇಳಿದಿರಲ್ಲ, ಹೇಳುತ್ತೇನೆ. ಅಂಚಿನಲ್ಲಿ ಓಡುವ ನಮ್ಮ ಹುಡುಗ ಗಾಳಿಪಟನನ್ನು ಕೊಳ್ಳುವವರಿದ್ದರೆ ಮಾರಿಬಿಡಿ. ಅವನ ಮೈ ನಮ್ಮಲ್ಲಿದೆ, ಮನಸ್ಸು ಆಗಲೇ ಬೇರೆ ಊರಿನಲ್ಲಿ ಮನೆ ಮಾಡಿದೆ. ಮಿಡ್‌ಫೀಲ್ಡಿನ ಮೇಷ್ಟ್ರನ್ನು ಮಾತ್ರ ಬಿಡಬೇಡಿ. ವಾದ ಮಾಡುತ್ತಾನೆ, ನಿಮ್ಮ ತಲೆ ತಿನ್ನುತ್ತಾನೆ, ಒಪ್ಪುತ್ತೇನೆ. ಆದರೆ ಸೋತ ಮರುದಿನ ಎಲ್ಲರಿಗಿಂತ ಮೊದಲು ಬೂಟು ಹಾಕಿಕೊಂಡು ನಿಂತಿರುವವನು ಅವನೇ.

ಮುಖ್ಯವಾಗಿ, ನನ್ನ ಪಕ್ಕಕ್ಕೆ ಒಬ್ಬ ಎಡಗಾಲಿನ ಡಿಫೆಂಡರ್ ಬೇಕು. ನಾನು ಬಲಗಾಲಿನವನು, ಹೋದ ವರ್ಷ ಪಕ್ಕದಲ್ಲಿದ್ದವನೂ ಬಲಗಾಲಿನವನು. ನಮ್ಮ ಎಡಗಡೆ ಬಾಗಿಲು ತೆರೆದಿಟ್ಟ ಮನೆಯ ಹಾಗಿತ್ತು. ಒಳ್ಳೆಯವನೊಬ್ಬನನ್ನು ಹುಡುಕಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ?

ಗೋಡೆ


ಜೂನ್ ೧೭

ಪ್ರೀತಿಯ ಗೋಡೆಗೆ,

ಆಟಗಾರರನ್ನು ನೋಡಲು ಊರೂರು ಅಲೆಯುತ್ತಿದ್ದೇನೆ. ಇದನ್ನು ಒಂದು ಲಾಡ್ಜಿನಿಂದ ಬರೆಯುತ್ತಿದ್ದೇನೆ. ಬೆಳಗಿನ ತಿಂಡಿಗೆ ಕೆಳಗೆ ಹೋದರೆ ಪ್ರತಿ ಮೇಜಿನಲ್ಲೂ ಒಬ್ಬೊಬ್ಬರೇ ಗಂಡಸರು, ಎಲ್ಲರೂ ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನೂ ಹೋಗಿ ಹಾಗೆಯೇ ಕೂತೆ. ಬಡಿಸುವವನು ‘ಒಬ್ರೇನಾ ಸಾರ್?’ ಎಂದ. ತಟ್ಟೆ ಒಂದು ಕೊಡಬೇಕೋ ಎರಡೋ ಎಂದು ತಿಳಿಯಲು ಕೇಳಿದ್ದು, ಬೇರೇನಿಲ್ಲ. ಆದರೂ ‘ಹೌದು’ ಎನ್ನದೆ ಒಂದು ಬೆರಳು ತೋರಿಸಿದೆ.

ಇಲ್ಲಿ ಒಬ್ಬನನ್ನು ಕಂಡೆ. ಎತ್ತರ ಎಂದರೆ ಎತ್ತರ, ಜೊತೆಯವರು ಅವನನ್ನು ಏಣಿ ಎನ್ನುತ್ತಾರೆ. ಡಿಫೆಂಡರ್. ಚೆಂಡು ತಲೆಯ ಮೇಲೆ ಬಂದರೆ ಅದು ಅವನದೇ. ಬೆನ್ನ ಹಿಂದೆ ಬಿದ್ದರೆ ಗಿರಕ್ಕನೆ ತಿರುಗಿ ಎದುರಾಳಿಗಿಂತ ಮೊದಲು ಮುಟ್ಟುತ್ತಾನೆ. ಒಂದೇ ಕೊರತೆ, ಬಾಯಿ ಬಿಡುವುದಿಲ್ಲ. ಪಂದ್ಯ ಮುಗಿದ ಮೇಲೆ ಮಾತಾಡಿಸಿದೆ.

‘ನಮ್ಮಲ್ಲಿಗೆ ಬರ್ತೀಯೇನಪ್ಪ?’

‘ಹೂಂ.’

‘ಯಾಕೆ ಅಂತ ಕೇಳೋದಿಲ್ವಾ?’

‘ಗೋಡೆ ಅಣ್ಣ ಆಡೋ ತಂಡ ಅಲ್ವಾ ಸಾರ್?’

ನಾನು ಕೈಕುಲುಕಿ ಬಂದುಬಿಟ್ಟೆ. ಬಲಗಾಲಿನವನು. ಬೇಗ ಒಪ್ಪಂದವಾಗಬಹುದು.

ಅಂದಹಾಗೆ, ಗಾಳಿಪಟ ಹಾರಿಹೋಯಿತು. ನೀನು ಹೇಳಿದ್ದು ನಿಜ, ಮನೆ ಮೊದಲೇ ನೋಡಿಟ್ಟಿದ್ದನಂತೆ.

ಭಾವ


ಜೂನ್ ೨೮

ಭಾವನವರಿಗೆ,

ಏಣಿಯ ಬಗ್ಗೆ ಓದಿ ಮೊದಲು ಗಲಿಬಿಲಿಯಾಯಿತು. ನಾನೂ ಬಲಗಾಲಿನವನು, ಅವನೂ ಬಲಗಾಲಿನವನು, ಭಾವನಿಗೆ ಇದು ಗೊತ್ತಿಲ್ಲವೇ ಎಂದುಕೊಂಡೆ. ಆಮೇಲೆ ನೀರಿನಲ್ಲಿ ನಡೆಯುತ್ತಿರುವಾಗ ತಟ್ಟನೆ ಹೊಳೆಯಿತು. ನೀವು ಹಿಂದೆ ಮೂವರನ್ನು ನಿಲ್ಲಿಸುವ ಆಟಕ್ಕೆ ಹೋಗುತ್ತಿದ್ದೀರಿ! ಬಲಕ್ಕೆ ಏಣಿ, ಎಡಕ್ಕೆ ಇನ್ನೊಬ್ಬ, ನಡುವೆ ನಾನು. ನನ್ನ ವಯಸ್ಸಿಗೆ ಹೇಳಿ ಮಾಡಿಸಿದ ಜಾಗ. ಓಡುವ ಕೆಲಸ ಅವರಿಗೆ, ಕೂಗುವ ಕೆಲಸ ನನಗೆ. ಇಷ್ಟು ದೂರ ಯೋಚಿಸಿದ್ದೀರಿ ಎಂದು ತಿಳಿದು ಬಹಳ ಖುಷಿಯಾಯಿತು. ಯಾರು ಎಲ್ಲಿ ನಿಲ್ಲಬೇಕು ಎಂದು ಒಂದು ಚಿತ್ರ ಬರೆದು ಇದರೊಳಗೆ ಇಟ್ಟಿದ್ದೇನೆ, ನೋಡಿ.

ಅವನಿಗೆ ಮಾತು ಬರುವುದಿಲ್ಲ ಎಂದು ಚಿಂತಿಸಬೇಡಿ. ಹದಿನೇಳನೆಯ ವಯಸ್ಸಿನಲ್ಲಿ ಪೆಟ್ಟಿಗೆ ಹಿಡಿದು ನಿಮ್ಮ ಮನೆಗೆ ಬಂದಾಗ ನನಗೆ ಬರುತ್ತಿತ್ತೇ? ಅಕ್ಕ ದಿನಾ ಊಟಕ್ಕೆ ಕೂರಿಸಿ, ಇವತ್ತು ಏನಾಯಿತು ಎಂದು ಹೇಳದಿದ್ದರೆ ತಟ್ಟೆ ಮುಂದಿಡುತ್ತಿರಲಿಲ್ಲ. ಹಸಿವಿಗೆ ಮಾತು ಕಲಿತವನು ನಾನು.

ಜುಲೈ ನಡುವೆ ಅಭ್ಯಾಸ ಶುರುವಾಗುತ್ತದಲ್ಲ, ಅಷ್ಟರೊಳಗೆ ಬಂದುಬಿಡುತ್ತೇನೆ. ನನ್ನ ಕೋಣೆಯ ಕಿಟಕಿ ಒಂದೆರಡು ದಿನ ತೆರೆದಿಡಿ, ಮುಗ್ಗಲು ವಾಸನೆ ಹೋಗಲಿ.

ಗೋಡೆ


ಜುಲೈ ೫

ಪ್ರೀತಿಯ ಗೋಡೆಗೆ,

ಅವಸರ ಮಾಡಬೇಡ. ಕಾಲು ಪೂರ್ತಿ ಗುಣವಾಗುವವರೆಗೆ ಅಲ್ಲೇ ಇರು. ಇಲ್ಲಿ ಬಿಸಿಲು ಹೆಚ್ಚು, ಮೈದಾನದ ನೆಲ ಕಲ್ಲಿನಂತಿದೆ, ಮಂಡಿಗೆ ಒಳ್ಳೆಯದಲ್ಲ.

ನೀನು ಬರೆದ ಚಿತ್ರ ಸೊಗಸಾಗಿದೆ. ಕಿಟಕಿ ತೆರೆದಿಟ್ಟಿದ್ದೇನೆ.

ಬಹಳ ಕೆಲಸವಿದೆ, ಇನ್ನೊಮ್ಮೆ ಬರೆಯುತ್ತೇನೆ.

ಭಾವ


ಜುಲೈ ೧೬

ಪ್ರೀತಿಯ ಗೋಡೆಗೆ,

ಈ ಕಾಗದ ಪಟ್ಟಿಗಿಂತ ಮೊದಲು ನಿನ್ನ ಕೈಸೇರಬೇಕಿತ್ತು. ಮುಂದಿನ ವಾರ ಪ್ರಕಟಿಸುತ್ತೇವೆ ಎಂದಿದ್ದ ಕಚೇರಿಯವರು, ಟಿಕೆಟ್ ಮಾರಾಟ ಶುರುವಾಗುತ್ತದೆ ಎಂದು ಇವತ್ತು ಬೆಳಗ್ಗೆಯೇ ಕೊಟ್ಟುಬಿಟ್ಟರು. ಟಿ.ವಿ.ಯವರು ಬಿಟ್ಟವರ ಹೆಸರುಗಳನ್ನು ಓದಿ, ನಿನ್ನ ಫೋಟೊ ಎಲ್ಲಕ್ಕಿಂತ ದೊಡ್ಡದಾಗಿ ತೋರಿಸಿದರು. ಆಗಿನಿಂದ ಫೋನ್ ಮಾಡುತ್ತಿದ್ದೇನೆ. ನೀನು ಎತ್ತುತ್ತಿಲ್ಲ.

ನಿರ್ಧಾರ ನನ್ನದೇ. ಅಧ್ಯಕ್ಷರು ನಿನ್ನ ಹೆಸರನ್ನೇ ಎತ್ತಲಿಲ್ಲ. ಹೋದ ಋತುವಿನ ಪಂದ್ಯಗಳನ್ನೆಲ್ಲ ಕೂತು ಮತ್ತೆ ನೋಡಿದೆ. ಚೆಂಡು ನಿನ್ನ ಮುಂದೆ ಬಿದ್ದಾಗ ನಿನ್ನನ್ನು ಮೀರಿಸುವವರು ಇವತ್ತಿಗೂ ಇಲ್ಲ. ಹಿಂದೆ ಬಿದ್ದಾಗ ನೀನು ತಿರುಗುವಷ್ಟರಲ್ಲಿ ಎದುರಾಳಿ ದಾಟಿಹೋಗಿರುತ್ತಾನೆ. ಎಲ್ಲ ತಂಡಗಳಿಗೂ ಅದು ಗೊತ್ತಾಗಿದೆ. ಮಂಡಿ ನೋಯುವ ಮೊದಲಿನಿಂದಲೇ ಹಾಗಿತ್ತು. ಏಣಿಯನ್ನು ತಂದದ್ದು ನಿನ್ನ ಪಕ್ಕಕ್ಕಲ್ಲ, ನಿನ್ನ ಜಾಗಕ್ಕೆ. ಮೂವರನ್ನು ನಿಲ್ಲಿಸುವ ಯೋಚನೆ ನನಗೆ ಬಂದದ್ದೇ ಇಲ್ಲ.

ಮೊದಲ ಕಾಗದ ಬರೆದ ದಿನವೇ ನಿನ್ನ ಬಿಲ್ಲೆ ಹಲಗೆಯ ಎಡಗಡೆ ಇತ್ತು. ಅವತ್ತೇ ಬರೆಯಬಹುದಿತ್ತು. ಅಜ್ಜ ನನಗೆ ಗೋಲ್‌ಕೀಪರ್. ಬಿಟ್ಟ ಮೇಲೆ ಹಳೆಯ ಗೋಲ್‌ಕೀಪರ್. ನೀನು? ಅಕ್ಕ ಹೋದ ಮೇಲೆ ಭಾವ ಎಂಬುದಕ್ಕೆ ಎಷ್ಟು ಬೆಲೆ ಉಳಿದಿರುತ್ತದೆ ಎಂದು ನನಗೆ ತಿಳಿಯಲಿಲ್ಲ. ತಂಡವೊಂದಿದೆ, ಅದರಿಂದಾಗಿ ದಿನಾ ಬೆಳಗ್ಗೆ ನೀನು ನನ್ನ ಕಾರಿನಲ್ಲಿ ಪಕ್ಕಕ್ಕೆ ಕೂರುತ್ತೀ ಎಂದುಕೊಂಡಿದ್ದೆ. ಅದನ್ನೂ ನಾನೇ ಕಡಿದರೆ ಆಮೇಲೆ ನಾವಿಬ್ಬರೂ ಒಬ್ಬರಿಗೊಬ್ಬರು ಏನಾಗುತ್ತೇವೆ ಎಂದು ಹೆದರಿ ಸುಮ್ಮನಿದ್ದೆ.

ಫೋನ್ ಎತ್ತು.

ಭಾವ


ಜುಲೈ ೩೦

ಪ್ರೀತಿಯ ಗೋಡೆಗೆ,

ನಿನ್ನಿಂದ ಏನೂ ಬಂದಿಲ್ಲ. ಚಿಕಿತ್ಸಾ ಕೇಂದ್ರಕ್ಕೆ ಫೋನ್ ಮಾಡಿದರೆ ‘ಅವರು ಹೋಗಿ ಆಯ್ತಲ್ಲ ಸಾರ್, ಕಾಗದ ಬಂದ್ರೆ ಬಂದು ತಗೊಂಡು ಹೋಗ್ತಾರೆ’ ಎಂದರು. ಎಲ್ಲಿಗೆ ಹೋದ ಎಂದು ಕೇಳಲು ನಾಚಿಕೆಯಾಯಿತು. ಸ್ವಂತ ಭಾವ ಕೇಳುವ ಪ್ರಶ್ನೆಯಲ್ಲ ಅದು.

ಹೊಸ ತಂಡ ಅಭ್ಯಾಸ ಶುರುಮಾಡಿದೆ. ಬೆಳಗ್ಗೆ ಕಾರಿನಲ್ಲಿ ಒಬ್ಬನೇ ಹೋಗುತ್ತೇನೆ. ರೇಡಿಯೊ ಹಾಕುತ್ತೇನೆ, ಆರಿಸುತ್ತೇನೆ. ನಿನ್ನ ಕೋಣೆಯ ಕಿಟಕಿ ಅವತ್ತು ತೆರೆದದ್ದು ಇನ್ನೂ ಮುಚ್ಚಿಲ್ಲ. ಮೊನ್ನೆ ಮಳೆ ಬಂದು ಹಾಸಿಗೆ ಒದ್ದೆಯಾಯಿತು. ಹೊರಗೆ ಹಾಕಿ ಒಣಗಿಸಿದೆ.

ನಿನ್ನ ಸಾಮಾನು ಕಳಿಸಲೇ? ತಿಳಿಸು.

ಭಾವ


ಆಗಸ್ಟ್ ೬

ತರಬೇತುದಾರರಿಗೆ,

ತಮ್ಮ ಎರಡೂ ಕಾಗದಗಳು ತಲುಪಿವೆ.

ಟಿ.ವಿ.ಯಲ್ಲಿ ಪಟ್ಟಿ ಬಂದಾಗ ನಾನು ಟವೆಲ್ ಸುತ್ತಿಕೊಂಡು ಕೊಳದ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ನನ್ನನ್ನು ಹಿಂದೆ ಹಾಕಿದ ಅಜ್ಜಿ ‘ಅದು ನೀನೇ ಅಲ್ವೇನಪ್ಪ? ಎಷ್ಟು ಚೆನ್ನಾಗಿ ಕಾಣ್ತಿದ್ದೀಯ!’ ಎಂದು ಚಪ್ಪಾಳೆ ತಟ್ಟಿದರು. ಏನೋ ಬಹುಮಾನ ಬಂದಿದೆ ಎಂದುಕೊಂಡರು. ನಾನೂ ‘ಹೌದಮ್ಮ’ ಎಂದು ನಕ್ಕೆ. ಬೇರೆ ಏನು ಮಾಡಲಿ?

ಬಿಟ್ಟದ್ದಕ್ಕೆ ಕೋಪವಿಲ್ಲ. ಚೆಂಡು ಹಿಂದೆ ಬಿದ್ದರೆ ನಾನು ನಿಧಾನ ಎಂದು ನನಗೆ ಗೊತ್ತಿಲ್ಲವೇ? ಆ ಕಾಲುಗಳ ಮೇಲೆ ನಿಂತವನು ನಾನು. ಆದರೆ ಅಜ್ಜನ ಮನೆಯ ಮೆಟ್ಟಿಲು ಹತ್ತಿ ಟೀ ಕುಡಿದು ಹೇಳಿ ಬಂದಿರಿ. ನಿಮ್ಮ ಮನೆಯಲ್ಲೇ ಬೆಳೆದವನಿಗೆ ‘ನೆಲ ಕಲ್ಲಿನಂತಿದೆ’ ಎಂದು ಬರೆದಿರಿ. ನಾನು ಚಿತ್ರ ಬರೆದು ಕಳಿಸಿದೆ, ನೀವು ಸೊಗಸಾಗಿದೆ ಎಂದಿರಿ. ನೆನಪಾದಾಗಲೆಲ್ಲ ಮೈ ಉರಿಯುತ್ತದೆ.

ಇನ್ನೊಂದು ವಿಷಯ. ನನ್ನ ಮಂಡಿ ಜೂನ್ ಕೊನೆಗೇ ಸರಿಯಾಗಿತ್ತು. ಈ ಊರಿನ ಎರಡನೆಯ ದರ್ಜೆಯ ತಂಡದವರು ಆಗಲೇ ಬಂದು ಕೇಳಿದ್ದರು. ಆಗುವುದಿಲ್ಲ ಎಂದೆ. ಭಾವ ಒಬ್ಬರೇ ಇದ್ದಾರೆ, ನಾನಿಲ್ಲದಿದ್ದರೆ ಮನೆಗೂ ಮೈದಾನಕ್ಕೂ ಕಷ್ಟ ಎಂದುಕೊಂಡು ಬೇಡ ಎಂದೆ. ನಿಮಗೆ ಬರೆದರೆ ‘ನನಗಾಗಿ ಬಿಡಬೇಡ’ ಎನ್ನುತ್ತೀರೆಂದು ಬರೆಯಲಿಲ್ಲ. ಪಟ್ಟಿ ಬಂದ ಮರುದಿನ ನಾನೇ ಅವರ ಬಾಗಿಲಿಗೆ ಹೋಗಿ ನಿಂತೆ. ಪುಣ್ಯಕ್ಕೆ ಜಾಗ ಇನ್ನೂ ಖಾಲಿ ಇತ್ತು.

ಸಾಮಾನು ಕಳಿಸಿ. ವಿಳಾಸ ಕೆಳಗಿದೆ.

ಕ್ಷೇಮ.


ಆಗಸ್ಟ್ ೨೨

ಪ್ರೀತಿಯ ಗೋಡೆಗೆ,

ನೀನು ಬರೆದದ್ದೆಲ್ಲ ಸರಿ. ಎದುರು ಮಾತಿಲ್ಲ.

ಸಾಮಾನು ಕಟ್ಟಿ ಲಾರಿಯವನಿಗೆ ಒಪ್ಪಿಸಿದೆ. ಬಟ್ಟೆ, ಕಂಬಳಿ, ಕೆಟ್ಟ ರೇಡಿಯೊ, ಶಾಲೆಯ ಭೂಪಟದ ಪುಸ್ತಕ. ಮಂಚದ ಕೆಳಗೆ ಬೂಟುಗಳ ರಾಶಿಯೇ ಇತ್ತು. ಬಲಗಾಲಿನವೆಲ್ಲ ಹರಿದಿವೆ, ಎಡಗಾಲಿನವು ಅಂಗಡಿಯಿಂದ ತಂದಂತಿವೆ. ನೆಲದ ಮೇಲೆ ಕೂತು ಜೋಡಿ ಮಾಡುವಾಗ ನಗು ಬಂತು. ನಗುವನ್ನು ಹಂಚಿಕೊಳ್ಳಲು ಯಾರೂ ಇಲ್ಲದ್ದರಿಂದ ಅದು ಅಲ್ಲಿಗೇ ನಿಂತಿತು.

ಕಳಿಸಲೇ ಎಂದು ಕೇಳಿದ್ದು ನೀನು ‘ಬೇಡ, ಅಲ್ಲೇ ಇರಲಿ’ ಎನ್ನುತ್ತೀ ಎಂದು. ಇರಲಿ ಎಂದರೆ ಮತ್ತೆ ಬರುತ್ತಾನೆ ಎಂದು ಲೆಕ್ಕ ಹಾಕಿದ್ದೆ. ನೇರವಾಗಿ ‘ಬರುತ್ತೀಯಾ’ ಎಂದು ಕೇಳುವ ಬಾಯಿ ನನಗಿಲ್ಲ.

ಮೊದಲ ಎರಡೂ ಪಂದ್ಯ ಸೋತೆವು. ಹೊಸಬರು ಒಬ್ಬೊಬ್ಬರೂ ಚೆನ್ನಾಗಿದ್ದಾರೆ. ಆದರೆ ತಂಡ ಕಾಣುತ್ತಿಲ್ಲ. ಬಸ್ಸು ಹತ್ತಿದರೆ ಎಲ್ಲರೂ ಕಿವಿಗೆ ವೈರು ಸಿಕ್ಕಿಸಿಕೊಂಡು ಕಿಟಕಿಯ ಕಡೆ ತಿರುಗುತ್ತಾರೆ. ಊಟದ ಮೇಜಿನಲ್ಲಿ ಉಪ್ಪು ಬೇಕಾದರೆ ಎದ್ದುಹೋಗಿ ತಂದುಕೊಳ್ಳುತ್ತಾರೆ, ಪಕ್ಕದವನನ್ನು ಕೇಳುವುದಿಲ್ಲ. ಏಣಿ ಅಂತೂ ಮೈದಾನದಲ್ಲಿ ಮೂಕ. ಗೋಲ್‌ಕೀಪರೂ ಅವನೂ ಒಂದೇ ಚೆಂಡಿಗೆ ನೆಗೆದು ಡಿಕ್ಕಿ ಹೊಡೆದುಕೊಂಡರು. ಇವರನ್ನೆಲ್ಲ ಆರಿಸಿ ತಂದವನು ನಾನೇ. ಅವರ ನಡುವೆ ಕೂತಾಗ, ಬೇರೆ ಯಾರದೋ ಮನೆಯ ಊಟಕ್ಕೆ ತಪ್ಪಿ ಬಂದು ಕೂತಂತಿರುತ್ತದೆ.

ಉತ್ತರ ಬರೆಯಲೇಬೇಕೆಂದಿಲ್ಲ.

ಭಾವ


ಸೆಪ್ಟೆಂಬರ್ ೮

ಭಾವನವರಿಗೆ,

ಸಾಮಾನು ಬಂತು. ‘ಕಳಿಸಿ’ ಎಂದು ಬರೆದಾಗ ನೀವೇ ತರುತ್ತೀರಿ ಎಂದುಕೊಂಡಿದ್ದೆ. ಬಾಗಿಲು ಬಡಿದ ಸದ್ದಿಗೆ ಅಂಗಿ ಸರಿಮಾಡಿಕೊಂಡು ಹೋದರೆ ಲಾರಿಯವನು ‘ಇಲ್ಲೊಂದು ಸೈನ್ ಹಾಕಿ’ ಎಂದ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು ಭಾವ. ಮನಸ್ಸಿನಲ್ಲಿ ಇರುವುದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತೇವೆ.

ಮನೆ ಪರವಾಗಿಲ್ಲ. ಬೇಕರಿಯೊಂದರ ಮಹಡಿ, ಎರಡು ಕೋಣೆ. ಒಂದರಲ್ಲಿ ನಾನಿರುತ್ತೇನೆ, ಇನ್ನೊಂದರಲ್ಲಿ ಬಿಚ್ಚದ ಡಬ್ಬಗಳಿವೆ. ಇಲ್ಲಿನ ಮೈದಾನ ಸಣ್ಣದು. ಎದುರಾಳಿಗಿಂತ ಗಾಳಿಯದೇ ಕಾಟ ಹೆಚ್ಚು. ಮೊದಲ ಪಂದ್ಯದಲ್ಲಿ ನನ್ನ ಕೊಳದ ಅಜ್ಜಿಯರು ಸಾಲಾಗಿ ಬಂದು ಕೂತಿದ್ದರು. ನಾನು ಚೆಂಡು ಮುಟ್ಟಿದಾಗಲೆಲ್ಲ ಕೂಗು. ಎದುರಾಳಿ ಮುಟ್ಟಿದಾಗಲೂ ಕೂಗು. ಗೆದ್ದೆವು. ಮನೆಗೆ ಬಂದು ಬೂಟು ಬಿಚ್ಚಿದ ಮೇಲೆ ಯಾರಿಗೆ ಹೇಳಲಿ ಎಂದು ಗೊತ್ತಾಗಲಿಲ್ಲ. ಕೆಳಗೆ ಹೋಗಿ ಬೇಕರಿಯವನಿಗೆ ಹೇಳಿದೆ. ‘ಹೌದಾ? ಯಾವ ಆಟ?’ ಎಂದ.

ಏಣಿಯ ವಿಷಯ. ಮೂಕನಾದವನಿಗೆ ‘ಕೂಗು’ ಎಂದರೆ ಆಗುವುದಿಲ್ಲ. ಏನು ಕೂಗಬೇಕೆಂದು ಕೊಡಬೇಕು. ಅವನಿಗೆ ಮೂರೇ ಮಾತು ಕೊಡಿ: ‘ನಂದು’, ‘ನಿಂದು’, ‘ಬಿಡು’. ಅಭ್ಯಾಸದಲ್ಲಿ ಚೆಂಡಿಲ್ಲದೆ ಆ ಮೂರನ್ನು ಕೂಗಿಸಿ. ಬಸ್ಸಿನಲ್ಲಿ ಅವನನ್ನು ಮೇಷ್ಟ್ರ ಪಕ್ಕ ಕೂರಿಸಿ. ಮೇಷ್ಟ್ರು ಕಲ್ಲನ್ನೂ ಜಗಳಕ್ಕೆ ಎಳೆಯುತ್ತಾನೆ. ನನ್ನ ಹೆಸರು ಹೇಳಬೇಡಿ. ಹುಡುಗನಿಗೆ ಭಾರವಾಗುತ್ತದೆ.

ಗೋಡೆ


ಸೆಪ್ಟೆಂಬರ್ ೨೫

ಪ್ರೀತಿಯ ಗೋಡೆಗೆ,

ಗೆದ್ದೆವು! ಏಣಿ ಮೈದಾನವಿಡೀ ‘ನಂದು, ನಂದು’ ಎಂದು ಕಿರುಚಿ, ನಮ್ಮ ಗೋಲ್‌ಕೀಪರ್ ಸಿಟ್ಟಾಗಿ ‘ಒಂದಾದ್ರೂ ನಂಗೆ ಬಿಡೋ ಮಾರಾಯ’ ಎಂದ. ಡ್ರೆಸ್ಸಿಂಗ್ ರೂಮಿನಲ್ಲಿ ಮೊದಲ ಸಲ ನಗು ಕೇಳಿದೆ. ನಾನು ಬಾಗಿಲ ಹೊರಗೇ ನಿಂತು ಕೇಳಿಸಿಕೊಂಡೆ. ಕೋಚ್ ಒಳಗೆ ಹೋದರೆ ನಗು ನಿಂತುಹೋಗುತ್ತದೆ.

ಅಧ್ಯಕ್ಷರು ಮಾತ್ರ ನಗಲಿಲ್ಲ. ಅಂಕಪಟ್ಟಿಯಲ್ಲಿ ನಾವಿನ್ನೂ ತಳದಲ್ಲೇ ಇದ್ದೇವೆ. ಇರಲಿ. ಬಾವಿ ತೋಡಿದ ದಿನವೇ ನೀರು ಸಿಗುತ್ತದೆಯೇ?

ನಿನ್ನ ಡಬ್ಬಗಳನ್ನು ಬಿಚ್ಚು.

ಭಾವ


ಅಕ್ಟೋಬರ್ ೧೪

ಪ್ರೀತಿಯ ಗೋಡೆಗೆ,

ಇಲ್ಲಿ ಎಲ್ಲ ಚೆನ್ನಾಗಿದೆ. ಆಮೇಲೆ ನಾವು ಸೋತ ಎರಡು ಪಂದ್ಯಗಳನ್ನು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಲೀಗಿಗೆ ಈಗ ಎರಡು ವಾರ ಬಿಡುವು, ರಾಷ್ಟ್ರೀಯ ತಂಡಗಳ ಪಂದ್ಯಗಳಿವೆ.

ಮಂಗಳವಾರದ ಅಭ್ಯಾಸ ಬಹಳ ಚೆನ್ನಾಗಿ ನಡೆಯಿತು. ಬೆಳಗಿನ ಮಂಜು ಇನ್ನೂ ಹುಲ್ಲಿನ ಮೇಲಿತ್ತು. ಮೇಷ್ಟ್ರು ಒಂದು ಕಾರ್ನರ್ ವಿಷಯಕ್ಕೆ ಏಣಿಯ ಜೊತೆ ಜಗಳ ತೆಗೆದ. ಏಣಿ ತಿರುಗಿ ಜಗಳವಾಡಿದ! ನೀನು ನೋಡಬೇಕಿತ್ತು. ಅವನ ದನಿ ಈಗ ಬೇಲಿಯ ಆಚೆಗೂ ಕೇಳಿಸುತ್ತದೆ. ಬಾಟಲಿಯ ನೀರನ್ನು ಒಬ್ಬರಿಗೊಬ್ಬರು ದಾಟಿಸಿ ಕುಡಿಯುತ್ತಾರೆ. ತಂಡವಾಗಿದೆ. ನನಗೆ ಅಷ್ಟು ಸಾಕು.

ನನಗೂ ಸ್ವಲ್ಪ ಪುರಸೊತ್ತು. ಮನೆಯಲ್ಲಿ ಸಣ್ಣಪುಟ್ಟ ರಿಪೇರಿ ಮಾಡುತ್ತಿದ್ದೇನೆ.

ಭಾವ


ಅಕ್ಟೋಬರ್ ೧೯

ಭಾವ,

ನಿಮ್ಮ ಕಾಗದ ಬಂದ ದಿನವೇ ಜೆರ್ಸಿಗಳನ್ನು ನೋಡಿಕೊಳ್ಳುವ ಬಟ್ಟೆ ಮಾಮ ಫೋನ್ ಮಾಡಿದ್ದರು. ‘ನಿಮ್ಮ ಭಾವನ ಕೋಟು ಇಲ್ಲೇ ಉಳಿದುಬಿಟ್ಟಿದೆ ಕಣಪ್ಪ. ಒಗೆದು ಇಸ್ತ್ರಿ ಮಾಡಿಟ್ಟಿದ್ದೀನಿ. ಹೊಸ ಕೋಚ್ ಬಂದು ರೂಮು ಖಾಲಿ ಮಾಡಿಸ್ತಿದ್ದಾರೆ. ಯಾರ ಕೈಲಿ ಕಳಿಸ್ಲಿ?’ ಎಂದರು. ಬಿಡುವು ಮುಗಿದ ಮೇಲೆ ಪತ್ರಿಕೆಗೆ ತಿಳಿಸುತ್ತಾರಂತೆ, ಅಲ್ಲಿಯವರೆಗೆ ಯಾರಿಗೂ ಹೇಳಬೇಡ ಎಂದೂ ಸೇರಿಸಿದರು.

ಆಮೇಲೆ ನಿಮ್ಮ ಮಂಗಳವಾರದ ಅಭ್ಯಾಸವನ್ನು ಮತ್ತೆ ಓದಿದೆ. ಮಂಜು, ಕಾರ್ನರ್, ನೀರಿನ ಬಾಟಲಿ. ಯಾವ ವಿಷಯಕ್ಕೆ ನಾನು ಕೋಪ ಮಾಡಿಕೊಂಡಿದ್ದೆನೋ ಅದನ್ನೇ ಮತ್ತೆ ಮಾಡಿದ್ದೀರಿ. ಈ ಸಲ ಕೋಪ ಬರಲಿಲ್ಲ. ಆ ಮನೆಯಲ್ಲಿ ಒಬ್ಬರೇ ಕೂತು ಇದನ್ನು ಬರೆದಿರಲ್ಲ ಎಂದು ಯೋಚಿಸಿದರೆ ಕೂತಲ್ಲಿ ಕೂರಲಾಗಲಿಲ್ಲ. ಫೋನ್ ಮಾಡೋಣ ಎಂದುಕೊಂಡೆ. ನಾನು ‘ಹೇಗಿದ್ದೀರಿ’ ಎನ್ನುತ್ತೇನೆ, ನೀವು ‘ಇದ್ದೀನಿ’ ಎನ್ನುತ್ತೀರಿ. ಬೇಡವೆನ್ನಿಸಿತು.

ಬಿಟ್ಟ ಮೇಲೆ ನಾವು ಒಬ್ಬರಿಗೊಬ್ಬರು ಏನಾಗುತ್ತೇವೆ ಎಂದು ಕೇಳಿದ್ದಿರಿ. ಆಗ ಉತ್ತರ ಬರೆಯಲಿಲ್ಲ. ನನಗೂ ಗೊತ್ತಿರಲಿಲ್ಲ, ಈಗಲೂ ಅದಕ್ಕೆ ಹೆಸರು ಗೊತ್ತಿಲ್ಲ. ಒಂದು ಮಾತ್ರ ಗೊತ್ತು: ಬಟ್ಟೆ ಮಾಮ ಆ ಕೋಟಿಗಾಗಿ ಫೋನ್ ಮಾಡಿದ್ದು ನನಗೆ. ಬೇರೆ ಯಾರಿಗೆ ಮಾಡಬೇಕು ಎಂದು ಅವರು ಯೋಚಿಸಲೂ ಇಲ್ಲ.

ನಮಗೆ ಈ ವಾರ ಪಂದ್ಯವಿಲ್ಲ. ಶನಿವಾರ ಬೆಳಗಿನ ರೈಲಿಗೆ ಹೊರಟು ಬರುತ್ತೇನೆ.

ಗೋಡೆ


ಅಕ್ಟೋಬರ್ ೨೨

ಪ್ರೀತಿಯ ಗೋಡೆಗೆ,

ಮಂಗಳವಾರದ್ದು ಸುಳ್ಳಲ್ಲ. ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಕಾರು ತೆಗೆದೆ, ಮೈದಾನದ ಹತ್ತಿರ ಹೋದ ಮೇಲೆ ನೆನಪಾಯಿತು. ಬೇಲಿಯ ಹೊರಗೆ ನಿಂತು ಪೂರ್ತಿ ನೋಡಿದೆ. ಬರೆದದ್ದೆಲ್ಲ ಕಂಡದ್ದೇ. ಎಲ್ಲಿ ನಿಂತು ಕಂಡೆ ಎಂಬುದನ್ನು ಮಾತ್ರ ಬರೆಯಲಿಲ್ಲ.

ಅಧ್ಯಕ್ಷರು ಮನೆಗೇ ಬಂದು ಹೇಳಿದರು. ಸೋಫಾದ ತುದಿಯಲ್ಲಿ ಕೂತು ‘ನೀವು ಕಟ್ಟಿದ ತಂಡ ಚೆನ್ನಾಗಿದೆ ಕೋಚ್. ಆದ್ರೆ ಕಾಯೋಕೆ ನಮಗೆ ಟೈಮಿಲ್ಲ’ ಎಂದರು. ಹೇಳಿದ ಮೇಲೂ ಏಳದೆ ಕಾರಿನ ಕೀಲಿ ತಿರುಗಿಸುತ್ತಾ ಕೂತರು. ನಾನೇ ನೀರು ತಂದುಕೊಟ್ಟು ಸಮಾಧಾನ ಮಾಡಿ ಕಳಿಸಿದೆ. ಹೇಳುವುದಕ್ಕಿಂತ ಹೇಳಿಸಿಕೊಳ್ಳುವುದು ಹಗುರ ಎಂದು ಅವತ್ತು ತಿಳಿಯಿತು. ಅವರು ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ಯಾವ ಕೋಣೆಗೆ ಹೋಗಿ ಕೂರಬೇಕೆಂದು ತೋಚಲಿಲ್ಲ. ಹಜಾರದಲ್ಲೇ ನಿಂತಿದ್ದೆ.

ಸ್ಟೇಷನ್ನಿಗೆ ಬರುವುದಿಲ್ಲ. ಬಂದರೆ ನಾವಿಬ್ಬರೂ ಆ ಜನರ ನಡುವೆ ಏನು ಮಾತಾಡುವುದೆಂದು ತಿಳಿಯದೆ ಚೀಲಕ್ಕಾಗಿ ಎಳೆದಾಡುತ್ತೇವೆ. ಮನೆಯಲ್ಲೇ ಇರುತ್ತೇನೆ, ಬಾಗಿಲು ತೆಗೆದಿರುತ್ತದೆ.

ಅಡುಗೆ ಮಾಡಿಟ್ಟಿರುತ್ತೇನೆ. ಇಬ್ಬರಿಗೆ ಎಷ್ಟು ಹಾಕಬೇಕೆಂಬ ಅಳತೆ ಮರೆತುಹೋಗಿದೆ. ಹೆಚ್ಚಾದರೆ ಭಾನುವಾರವೂ ಇರು.

ಭಾವ